ಕಣ್ಣಿಗೆ ಕಾಣುವುದು, ಲೆಕ್ಕಕ್ಕೆ ಸಿಗುವುದು: ಮಲೆನಾಡಿನಲ್ಲಿ ವಿಜ್ಞಾನ ಮತ್ತು ಅದರ ಟೀಕಾಕಾರರು

ಮಳೆಗಾಲ ಹಿಡಿಯುವ ಮುನ್ನ ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಅಡಿಕೆ ತೋಟಗಳಲ್ಲಿ ಒಂದು ರಾಸಾಯನಿಕ ಪರೀಕ್ಷೆ ನಡೆಯುತ್ತದೆ. ಒಂದು ಕಿಲೋ ಮೈಲುತುತ್ತವನ್ನೂ (ತಾಮ್ರದ ಸಲ್ಫೇಟ್) ಒಂದು ಕಿಲೋ ಸುಣ್ಣವನ್ನೂ ಬೇರೆ ಬೇರೆಯಾಗಿ ಕರಗಿಸಿ, ಒಟ್ಟುಗೂಡಿಸಿ, ಕೊಳೆರೋಗ ತಡೆಯುವ ನೂರು ಲೀಟರ್ ಬೋರ್ಡೋ ದ್ರಾವಣ ಮಾಡಿಕೊಂಡವರು ಅದನ್ನು ಅಡಿಕೆ ಕೊನೆಗಳಿಗೆ, ಅಂದರೆ ಗೊಂಚಲುಗಳಿಗೆ, ಹೊಡೆಯುವ ಮೊದಲು, ಚೆನ್ನಾಗಿ ಉಜ್ಜಿದ ಕತ್ತಿಯೊಂದನ್ನು ಅದರಲ್ಲಿ ಅದ್ದಿ ಸ್ವಲ್ಪ ಹೊತ್ತು ಬಿಡುತ್ತಾರೆ. ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ದ್ರಾವಣದಲ್ಲಿ ಇನ್ನೂ ಬಿಡಿ ತಾಮ್ರ ಉಳಿದಿದೆ, ಹಾಗೆಯೇ ಹೊಡೆದರೆ ಅದು ಎಳೆ ಕಾಯಿಯನ್ನು ಸುಡುತ್ತದೆ, ಆದ್ದರಿಂದ ಸುಣ್ಣದ ತಿಳಿ ಇನ್ನಷ್ಟು ಬೇಕು ಎಂದು ಅರ್ಥ. ಕಬ್ಬಿಣವು ದ್ರಾವಣದೊಳಗಿನ ತಾಮ್ರವನ್ನು ಹೊರದಬ್ಬಿ ತನ್ನ ಮೈಮೇಲೆ ಕೂರಿಸಿಕೊಳ್ಳುತ್ತದೆ ಎಂಬ ರಸಾಯನಶಾಸ್ತ್ರದ ಪಾಠವನ್ನು ಶಾಲೆಯಲ್ಲಿ ಕೇಳದವರೂ ಈ ಪರೀಕ್ಷೆಯನ್ನು ತಪ್ಪಿಲ್ಲದೆ ಮಾಡುತ್ತಾರೆ, ಮತ್ತು ಅದರ ಉತ್ತರವನ್ನು ಯಾರೂ ಸಂಶಯಿಸುವುದಿಲ್ಲ.

ಈ ಒಪ್ಪಿಗೆ ಮೊದಲಿನಿಂದ ಇದ್ದದ್ದಲ್ಲ. ದ್ರಾಕ್ಷಿಯ ರೋಗಕ್ಕೆಂದು 1880ರ ದಶಕದಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಈ ಔಷಧವನ್ನು ಅಡಿಕೆಯ ಕೊಳೆರೋಗಕ್ಕೆ ಒಗ್ಗಿಸಿದ ಕೆಲಸದಲ್ಲಿ ಮುಖ್ಯರಾದವರು, ಕೆನಡಾದಿಂದ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್. ಅವರು ಬರುವುದಕ್ಕಿಂತ ಎಷ್ಟೋ ಹಿಂದಿನಿಂದ ಮಲೆನಾಡಿನ ರೈತರು ಕೊನೆಗಳಿಗೆ ಕೊಟ್ಟೆ (ಹೊದಿಕೆ) ಕಟ್ಟಿ ಮಳೆನೀರು ತಾಗದಂತೆ ಕಾಪಾಡುತ್ತಿದ್ದರು. ರೋಗ ಮಳೆಯ ಜೊತೆ ಬರುತ್ತದೆ, ನೀರು ತಾಗದ ಕೊನೆ ಉಳಿಯುತ್ತದೆ ಎಂಬ ಅರಿವು ಆ ಕೊಟ್ಟೆಯಲ್ಲಿ ಆಗಲೇ ಇತ್ತು. ಕೋಲ್ಮನ್ ಅದಕ್ಕೆ ಕಾರಣವಾದ ಶಿಲೀಂಧ್ರದಂಥ ಸೂಕ್ಷ್ಮಜೀವಿಯನ್ನು ಗುರುತಿಸಿ, 1910ರಲ್ಲಿ ವಿವರವಾಗಿ ಬರೆದರು. ಸಸ್ಯರೋಗ ಶಾಸ್ತ್ರದ ಇಂಗ್ಲಿಷ್ ಪುಸ್ತಕಗಳು ಇಂದಿಗೂ ಈ ರೋಗವನ್ನು ನಮ್ಮ ‘ಕೊಳೆರೋಗ’ ಎಂಬ ಹೆಸರಿನಿಂದಲೇ ಕರೆಯುತ್ತವೆ. ಹೊಸ ಔಷಧವನ್ನು ನಂಬದ ರೈತನ ಎದುರು ವಾದ ಹೂಡುವ ಅಗತ್ಯ ಇಲ್ಲಿ ಹೆಚ್ಚಾಗಿ ಬೀಳಲಿಲ್ಲ. ಹೊಡೆದ ಮರ ಮತ್ತು ಹೊಡೆಯದ ಮರ ಒಂದೇ ತೋಟದಲ್ಲಿ, ಒಂದೇ ಮಳೆಯಲ್ಲಿ ನಿಂತಿದ್ದವು. ಉದುರಿದ ಕಾಯಿಯನ್ನು ಶ್ರಾವಣ ಮುಗಿಯುವುದರೊಳಗೆ ಮನೆಯವರೇ ಹೆಕ್ಕಿ ಎಣಿಸಬಹುದಾಗಿತ್ತು.

ವಿಜ್ಞಾನಕ್ಕೂ ಅದನ್ನು ಸಂಶಯದಿಂದ ನೋಡುವವರಿಗೂ ನಡುವೆ ನಡೆಯುವ ಜಗಳವನ್ನು ಅರಿವು ಮತ್ತು ಅಜ್ಞಾನದ ನಡುವಿನ ಜಗಳವೆಂದು ಸುಲಭವಾಗಿ ಹೇಳಿಬಿಡುವುದು ರೂಢಿ. ಹಾಗಿದ್ದರೆ, ಬೋರ್ಡೋ ದ್ರಾವಣವನ್ನು ಸಂಶಯವಿಲ್ಲದೆ ಒಪ್ಪುವ ಅದೇ ಊರು, ಅದೇ ಮನೆ, ಲಸಿಕೆಯ ವಿಷಯದಲ್ಲೋ ಅಡಿಕೆಯ ಆರೋಗ್ಯ ಪರಿಣಾಮದ ವಿಷಯದಲ್ಲೋ ವಿಜ್ಞಾನಿಯ ಮಾತಿಗೆ ಬೆನ್ನು ತಿರುಗಿಸುವುದು ಏಕೆ? ನನ್ನ ತಿಳಿವಳಿಕೆಯಲ್ಲಿ ವ್ಯತ್ಯಾಸ ಇರುವುದು ಜನರ ಬುದ್ಧಿಯಲ್ಲಲ್ಲ, ಸತ್ಯ ಕಾಣಿಸಿಕೊಳ್ಳುವ ಬಗೆಯಲ್ಲಿ. ಕೆಲವು ಸತ್ಯಗಳು ಒಂದು ಮನೆಯ ಕಣ್ಣಿಗೆ ಒಂದು ವರ್ಷದಲ್ಲಿ ಕಾಣುತ್ತವೆ. ಕೆಲವು ಸಾವಿರಾರು ಜನರನ್ನು ಹತ್ತಾರು ವರ್ಷ ಲೆಕ್ಕವಿಟ್ಟಾಗ ಮಾತ್ರ ಕಾಣುತ್ತವೆ. ಎರಡನೆಯ ಬಗೆಯ ಸತ್ಯವನ್ನು ಒಪ್ಪುವುದೆಂದರೆ ಲೆಕ್ಕ ಇಟ್ಟವರನ್ನು ನಂಬುವುದು. ಜಗಳ ಬಹುಪಾಲು ಅಲ್ಲಿಂದ ಶುರುವಾಗುತ್ತದೆ.

ಇದನ್ನು ಬಿಡಿಸಿ ನೋಡಲು ಮಂಗನ ಕಾಯಿಲೆಗಿಂತ ಹತ್ತಿರದ ಉದಾಹರಣೆ ನಮಗಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಕಾಡಿಗೆ ಹೋಗಿಬಂದವರಿಗೆ ತೀವ್ರ ಜ್ವರ ಬಂತು. ಮಂಗಗಳ ಸಾವಿಗೂ ಜ್ವರಕ್ಕೂ ನಂಟಿದೆ ಎಂಬುದನ್ನು ಊರಿನವರೇ ಕಂಡುಕೊಂಡಿದ್ದರು. ಕಾಯಿಲೆಯ ಹೆಸರೇ ಅದಕ್ಕೆ ಸಾಕ್ಷಿ. ಭಾರತದಲ್ಲಿ ಎಂದೂ ಕಾಣಿಸದ ಹಳದಿ ಜ್ವರವೇನಾದರೂ ಬಂದಿತೇ ಎಂಬ ಆತಂಕದಿಂದ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಂಡ ಬಂದು ಪರೀಕ್ಷಿಸಿದಾಗ, ಪ್ರಪಂಚಕ್ಕೆ ಅದುವರೆಗೆ ಗೊತ್ತಿಲ್ಲದ ವೈರಸ್ ಒಂದು ಸಿಕ್ಕಿತು, ಅದನ್ನು ಹರಡುವುದು ಉಣುಗು (ಉಣ್ಣಿ) ಎಂದೂ ತಿಳಿಯಿತು. ಹೆಸರು ಅರ್ಧ ಸತ್ಯವನ್ನು ಮಾತ್ರ ಹಿಡಿದಿತ್ತು. ಮಂಗ ಈ ಕಾಯಿಲೆಯ ಮೂಲವಲ್ಲ, ನಮ್ಮ ಹಾಗೆಯೇ ಅದಕ್ಕೆ ಬಲಿಯಾಗುವ ಪ್ರಾಣಿ. ಸತ್ತ ಮಂಗದ ಮೈಯಿಂದ ಕೆಳಗಿಳಿದ ಉಣುಗು ಸುತ್ತಲಿನ ತರಗೆಲೆಯಲ್ಲಿ ಹರಡಿಕೊಳ್ಳುವುದರಿಂದ ಆ ಜಾಗ ಅಪಾಯದ್ದಾಗುತ್ತದೆ. ಕಾಯಿಲೆ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಹೆಚ್ಚುವುದು, ಮನುಷ್ಯನಿಗೆ ಹೆಚ್ಚಾಗಿ ಕಚ್ಚುವ ಎಳೆಯ ಉಣುಗುಗಳು ಆ ತಿಂಗಳುಗಳಲ್ಲೇ ದಟ್ಟವಾಗಿರುವುದರಿಂದ. ಸೊಪ್ಪು, ತರಗು, ಕಟ್ಟಿಗೆ ತರಲು ಜನ ಕಾಡಿಗೆ ಹೆಚ್ಚಾಗಿ ಹೋಗುವುದೂ ಆಗಲೇ.

ಇಲ್ಲಿಯವರೆಗಿನ ವಿವರಣೆಯನ್ನು ಯಾರೂ ಅಲ್ಲಗಳೆಯಲಿಲ್ಲ. ಕಷ್ಟ ಎದುರಾದದ್ದು ಲಸಿಕೆಯ ವಿಷಯದಲ್ಲಿ. 1990ರ ಸುಮಾರಿನಿಂದ ಮಲೆನಾಡಿನಲ್ಲಿ ಬಳಕೆಗೆ ಬಂದ ಲಸಿಕೆಯನ್ನು ಒಂದು ತಿಂಗಳ ಅಂತರದಲ್ಲಿ ಎರಡು ಬಾರಿ, ಕೆಲವು ತಿಂಗಳ ಬಳಿಕ ಬೂಸ್ಟರ್ ಆಗಿ, ಆಮೇಲೆ ವರ್ಷ ವರ್ಷವೂ ತೆಗೆದುಕೊಳ್ಳಬೇಕಾಗಿತ್ತು. ಚುಚ್ಚಿದ ಜಾಗ ನೋಯುತ್ತಿತ್ತು, ಕೂಲಿ ತಪ್ಪುತ್ತಿತ್ತು, ಮತ್ತು ಲಸಿಕೆ ಪಡೆದವರಲ್ಲೂ ಕೆಲವರಿಗೆ ಕಾಯಿಲೆ ಬರುತ್ತಿತ್ತು. ‘ಚುಚ್ಚಿಸಿಕೊಂಡವರಿಗೂ ಬಂತಲ್ಲ’ ಎಂಬ ಮಾತು ಊರಿಂದೂರಿಗೆ ಹೋಯಿತು.

ಆ ಮಾತನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 2013ರಲ್ಲಿ ಪ್ರಕಟವಾದ ಅಧ್ಯಯನವೊಂದು 2005ರಿಂದ 2010ರವರೆಗಿನ ದಾಖಲೆಗಳನ್ನು ಪರಿಶೀಲಿಸಿ, ಎರಡು ಡೋಸ್ ಪಡೆದವರಲ್ಲಿ ಲಸಿಕೆಯ ಪರಿಣಾಮ ಸುಮಾರು 62 ಶೇಕಡಾ, ಬೂಸ್ಟರ್ ಕೂಡ ಪಡೆದವರಲ್ಲಿ ಸುಮಾರು 83 ಶೇಕಡಾ ಎಂದು ಕಂಡುಕೊಂಡಿತು; ಒಂದೇ ಡೋಸಿಗೆ ನಿಲ್ಲಿಸಿದವರಲ್ಲಿ ರಕ್ಷಣೆ ಕಾಣಲಿಲ್ಲ. 62 ಶೇಕಡಾ ಎಂದರೆ ನೂರರಲ್ಲಿ 62 ಜನಕ್ಕೆ ಕವಚ ಸಿಕ್ಕಿತು, ಉಳಿದ 38 ಜನಕ್ಕೆ ಕಾಯಿಲೆ ಬಂತು ಎಂದಲ್ಲ. ಲೆಕ್ಕದ ಸುಲಭಕ್ಕಾಗಿ ಹೀಗೆ ಭಾವಿಸೋಣ: ಲಸಿಕೆ ಪಡೆಯದ ಸಾವಿರ ಜನರಲ್ಲಿ ಹತ್ತು ಮಂದಿ ಕಾಯಿಲೆ ಬೀಳುವ ಊರಿನಲ್ಲಿ, ಲಸಿಕೆ ಪಡೆದ ಸಾವಿರ ಜನರಲ್ಲಿ ಸುಮಾರು ನಾಲ್ವರು ಬೀಳುತ್ತಾರೆ. ಆ ನಾಲ್ವರು ನಮಗೆ ಕಾಣುತ್ತಾರೆ. ಅವರ ಹೆಸರು ಗೊತ್ತು, ಮನೆ ಗೊತ್ತು, ಅವರನ್ನು ಜೀಪಿನಲ್ಲಿ ಆಸ್ಪತ್ರೆಗೆ ಕರೆದೊಯ್ದವರು ನಾವೇ. ಬೀಳಬೇಕಾಗಿದ್ದು ಬೀಳದೆ ಉಳಿದ ಆರು ಮಂದಿ ಯಾರು ಎಂಬುದು ಆ ಆರು ಮಂದಿಗೂ ಗೊತ್ತಿರುವುದಿಲ್ಲ. ಲಸಿಕೆ ಕೊಟ್ಟ ಉಪಕಾರಕ್ಕೆ ಮುಖವಿಲ್ಲ, ಅದರ ಸೋಲಿಗೆ ಮುಖವಿದೆ.

ಹಾಗೆಂದು ಊರಿನವರ ಸಂಶಯವನ್ನು ಕೇವಲ ಕಣ್ಣಿನ ಮೋಸವೆಂದು ತಳ್ಳಿಹಾಕುವುದು ಪ್ರಾಮಾಣಿಕವಾಗದು. ಆಮೇಲೆ ನಡೆದ ಪರಿಶೀಲನೆಗಳಲ್ಲಿ ಲಸಿಕೆಯ ಪರಿಣಾಮ ಇನ್ನೂ ಕಡಿಮೆ ಎಂದು ಕಂಡಿತು. ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ 2018–19ರಲ್ಲಿ ಕಾಯಿಲೆ ಉಲ್ಬಣಿಸಿ ಸಾವುಗಳಾದ ಬಳಿಕ ಪ್ರಶ್ನೆಗಳು ಹೆಚ್ಚಾದವು, ಕೊನೆಗೆ ಆ ಲಸಿಕೆಯ ಬಳಕೆಯನ್ನೇ ನಿಲ್ಲಿಸಿ ಹೊಸ ಲಸಿಕೆಯ ತಯಾರಿಗೆ ಕೈಹಾಕಲಾಯಿತು. ಅಂದರೆ ಟೀಕೆಯಲ್ಲಿ ಹುರುಳಿತ್ತು. ಆದರೆ ಅದು ಎಷ್ಟು ಹುರುಳು ಎಂದು ತೂಗಿ ಹೇಳಿದ್ದು ಮತ್ತೆ ಆ ಲೆಕ್ಕವೇ. ನಾಲ್ಕು ಮನೆಗಳ ಅನುಭವ ಪ್ರಶ್ನೆಯನ್ನು ಎತ್ತಬಲ್ಲದು. ಉತ್ತರಕ್ಕೆ ನಾಲ್ಕು ಸಾವಿರ ಮನೆಗಳ ದಾಖಲೆ ಬೇಕಾಗುತ್ತದೆ.

ಲೆಕ್ಕ ಇಟ್ಟವರನ್ನು ನಂಬುವ ಪ್ರಶ್ನೆಗೂ ಈ ಕಾಯಿಲೆಯೇ ಒಂದು ಇತಿಹಾಸವನ್ನು ಕೊಟ್ಟಿದೆ. ಪುಣೆಯ ಕೇಂದ್ರವು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ನಡೆಯುತ್ತಿತ್ತು. ಹೊಸ ವೈರಸ್ ರಷ್ಯಾದ ಕಾಡುಗಳ ಉಣುಗು ವೈರಸ್ಸಿನ ಸಂಬಂಧಿ ಎಂದು ಕಂಡದ್ದರಿಂದ, ಸೈಬೀರಿಯಾದಿಂದ ಬರುವ ವಲಸೆ ಹಕ್ಕಿಗಳು ಅದನ್ನು ತಂದಿರಬಹುದೇ ಎಂಬ ಪ್ರಶ್ನೆ ಎದ್ದಿತು. ಹಕ್ಕಿಗಳ ವಲಸೆಯ ಅಧ್ಯಯನಕ್ಕೆ ಮೊದಲು ವಿಶ್ವ ಆರೋಗ್ಯ ಸಂಸ್ಥೆಯ ನೆರವು ದೊರೆಯಿತು, ಮುಂದೆ ಅಮೆರಿಕದ ಸೇನೆಯ ಒಂದು ಯೋಜನೆಯಿಂದಲೂ ಹಣ ಬಂತು. 1970ರ ದಶಕದಲ್ಲಿ ಈ ಸಂಗತಿ ಪತ್ರಿಕೆಗಳಲ್ಲಿ ಹೊರಬಂದಾಗ, ಇದು ಜೈವಿಕ ಯುದ್ಧದ ತಯಾರಿಯೇ ಎಂಬ ಆರೋಪ ಸಂಸತ್ತಿನವರೆಗೆ ಹೋಯಿತು, ಅಲ್ಲಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ 1975ರಲ್ಲಿ ಕಟುವಾದ ವರದಿ ಕೊಟ್ಟಿತು. ಕ್ಯಾಸನೂರಿನ ವೈರಸ್ಸನ್ನು ಯಾರೋ ತಂದು ಬಿಟ್ಟರು ಎಂಬುದಕ್ಕೆ ಆಧಾರವಿಲ್ಲ. ಆದರೆ ಹಣ ಎಲ್ಲಿಂದ ಬಂತು, ಯಾರ ಉಪಯೋಗಕ್ಕೆ ಬಂತು, ಅದನ್ನು ಮೊದಲೇ ಏಕೆ ತೆರೆದು ಹೇಳಲಿಲ್ಲ ಎಂಬ ಪ್ರಶ್ನೆಗಳು ನ್ಯಾಯವಾದವು. ಈ ಎರಡನ್ನೂ ಬೆರೆಸಿದವರಿಂದ ಎರಡೂ ಕೆಟ್ಟವು: ನಿಜವಾದ ಪ್ರಶ್ನೆ ವದಂತಿಯೊಳಗೆ ಮುಳುಗಿತು, ವದಂತಿಗೆ ನಿಜವಾದ ಪ್ರಶ್ನೆಯ ತೂಕ ಸಿಕ್ಕಿತು. ಇದೇ ಹೊತ್ತಿನಲ್ಲಿ ವಿಜ್ಞಾನಿಗಳೊಳಗಿನಿಂದಲೇ ಇನ್ನೊಂದು ಟೀಕೆ ಹುಟ್ಟಿತ್ತು ಎಂಬುದನ್ನು ನಾವು ಮರೆತಿದ್ದೇವೆ. ಕಾಡನ್ನು ಕಡಿದು ಸಾಗುವಳಿ ಮಾಡಿದ್ದು, ಕಾಡಂಚಿಗೆ ದನಗಳನ್ನು ಬಿಟ್ಟಿದ್ದು ಉಣುಗಿನ ಸಂಖ್ಯೆ ಹೆಚ್ಚಲು ಕಾರಣವಾಯಿತು ಎಂದು 1969ರಷ್ಟು ಹಿಂದೆಯೇ ಬರೆದವರು ಇದ್ದರು.

ಪಶ್ಚಿಮ ಘಟ್ಟದ ವರದಿಗಳ ಕಥೆಯಲ್ಲೂ ಇದೇ ಗಂಟು ಇದೆ. ಮಾಧವ ಗಾಡ್ಗೀಳ್ ಅವರ ಸಮಿತಿ 2011ರಲ್ಲಿ ಕೊಟ್ಟ ವರದಿ ಮಾಹಿತಿ ಹಕ್ಕಿನ ಹೋರಾಟದ ನಂತರ, 2012ರ ಮೇ ತಿಂಗಳಲ್ಲಿ ಸಾರ್ವಜನಿಕರ ಕೈಗೆ ಸಿಕ್ಕಿತು. ಗ್ರಾಮಸಭೆಗಳೊಂದಿಗೆ ಚರ್ಚಿಸಿಯೇ ತೀರ್ಮಾನವಾಗಬೇಕು ಎಂದು ಹೇಳಿದ್ದ ಆ ವರದಿಯನ್ನು ಗ್ರಾಮಸಭೆಗಳು ಓದುವ ಮೊದಲೇ ಅದರ ಬಗ್ಗೆ ಭಯ ಹಬ್ಬಿತು. 2013ರ ಕಸ್ತೂರಿರಂಗನ್ ವರದಿ ಉಪಗ್ರಹ ಚಿತ್ರಗಳ ಆಧಾರದ ಮೇಲೆ ಘಟ್ಟದ ಸುಮಾರು 37 ಶೇಕಡಾ ಪ್ರದೇಶವನ್ನು ಪರಿಸರ ಸೂಕ್ಷ್ಮವೆಂದು ಗುರುತಿಸಿತು. ಕರ್ನಾಟಕದಲ್ಲಿ ಅದು 20,668 ಚದರ ಕಿಲೋಮೀಟರ್. ತಲೆಮಾರುಗಳಿಂದ ಸೊಪ್ಪು ಕಡಿದು ಬೆಳೆಸಿಕೊಂಡು ಬಂದ ಸೊಪ್ಪಿನಬೆಟ್ಟ ಆಕಾಶದಿಂದ ನೋಡುವ ಕಣ್ಣಿಗೆ ಏನಾಗಿ ಕಾಣುತ್ತದೆ ಎಂದು ರೈತ ಕೇಳಿದರೆ, ಅದು ವಿಜ್ಞಾನ ವಿರೋಧವಲ್ಲ. ಅಳತೆಯ ವಿಧಾನದ ಬಗ್ಗೆ ಕೇಳಬೇಕಾದ ಪ್ರಶ್ನೆ. ಘಟ್ಟ ಕುಸಿಯುವುದೇ ಸುಳ್ಳು ಎಂದು ಯಾರಾದರೂ ಹೇಳಿದರೆ ಅದು ಬೇರೆಯೇ ಮಾತು. ಕುಸಿತದ ಅಪಾಯವನ್ನು ಭೂವಿಜ್ಞಾನ ಹೇಳಬಹುದು, ಆ ಅಪಾಯ ತಪ್ಪಿಸುವ ಹೊರೆಯನ್ನು ಎರಡು ಎಕರೆಯವನು ಹೊರಬೇಕೋ ಕ್ವಾರಿಯವನು ಹೊರಬೇಕೋ ಎಂಬುದನ್ನು ಅದು ಹೇಳಲಾರದು.

ಲೆಕ್ಕಕ್ಕೇ ಸಿಗದ ವಿಷಯಗಳೂ ಇವೆ. ಕ್ಯಾಸನೂರು ಇರುವ ಸೊರಬ ತಾಲ್ಲೂಕಿನಲ್ಲೇ ಚಂದ್ರಗುತ್ತಿ ಇದೆ. ಅಲ್ಲಿನ ರೇಣುಕಾಂಬೆಯ ಜಾತ್ರೆಯಲ್ಲಿ ನಡೆಯುತ್ತಿದ್ದ ಬೆತ್ತಲೆ ಸೇವೆಯನ್ನು ತಡೆಯಲು 1986ರಲ್ಲಿ ದಲಿತ ಸಂಘಟನೆಯ ಕಾರ್ಯಕರ್ತರೂ ಪೊಲೀಸರೂ ಮುಂದಾದಾಗ ಭಕ್ತರು ಅವರ ಮೇಲೆ ತಿರುಗಿಬಿದ್ದರು, ಪೊಲೀಸರನ್ನೂ ಬೆತ್ತಲೆಗೊಳಿಸಿದರು. ಆಮೇಲೆ ಸರ್ಕಾರ ಆ ಆಚರಣೆಯನ್ನು ನಿಷೇಧಿಸಿತು. ಯು. ಆರ್. ಅನಂತಮೂರ್ತಿಯವರು ಆಗ ಬರೆದ ಪ್ರಬಂಧ ಆಚರಣೆಯನ್ನು ಸಮರ್ಥಿಸಿತು ಎನ್ನುವುದಕ್ಕಿಂತ, ಓದಿದವರ ಮುಜುಗರವನ್ನೇ ಪ್ರಶ್ನೆಗೆ ಒಡ್ಡಿತು: ನಂಬಿಕೆಯ ಒಳಗೆ ಬದುಕುವವರ ಅನುಭವವನ್ನು ಹೊರಗೆ ನಿಂತ ವಿಚಾರವಾದ ಪೂರ್ತಿ ತಿಳಿದಿದೆಯೇ ಎಂಬುದು ಅವರ ತಳಮಳವಾಗಿತ್ತು. ವಿಚಾರಕ್ರಾಂತಿಗೆ ಕರೆಕೊಟ್ಟ ಕುವೆಂಪು, ವಿಚಾರವಾದದ ಮಿತಿಯನ್ನು ಕೇಳಿದ ಅನಂತಮೂರ್ತಿ ಇಬ್ಬರೂ ಒಂದೇ ತೀರ್ಥಹಳ್ಳಿ ತಾಲ್ಲೂಕಿನವರು ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ದೇಶದ ಮಟ್ಟದಲ್ಲೂ ಇದೇ ವಾಗ್ವಾದ ನಡೆದಿತ್ತು. ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದು 1976ರ ತಿದ್ದುಪಡಿಯಿಂದ ಸಂವಿಧಾನದಲ್ಲಿ ಪ್ರಜೆಯ ಮೂಲಭೂತ ಕರ್ತವ್ಯವಾಯಿತು; 1981ರಲ್ಲಿ ಕೆಲವು ವಿಜ್ಞಾನಿಗಳು ಮತ್ತು ಚಿಂತಕರು ಆ ಮನೋಭಾವದ ಪರವಾಗಿ ಹೇಳಿಕೆ ಹೊರಡಿಸಿದಾಗ, ಸಮಾಜ ಚಿಂತಕ ಆಶಿಶ್ ನಂದಿಯವರು ಪ್ರತಿಹೇಳಿಕೆ ಬರೆದು, ವಿಜ್ಞಾನ ಅಧಿಕಾರದ ಭಾಷೆಯಾಗುವುದರ ಬಗ್ಗೆ ಎಚ್ಚರಿಸಿದರು.

ಚಂದ್ರಗುತ್ತಿಯ ಪ್ರಶ್ನೆಯನ್ನು ಯಾವ ಪ್ರಯೋಗಾಲಯವೂ ತೀರ್ಮಾನಿಸಲಾರದು, ಏಕೆಂದರೆ ಅದು ಸತ್ಯಾಂಶದ ಪ್ರಶ್ನೆಯಲ್ಲ, ಘನತೆಯ ಮತ್ತು ಬದುಕಿನ ಅರ್ಥದ ಪ್ರಶ್ನೆ. ಆ ವಿಷಯದಲ್ಲಿ ನನ್ನ ಮನಸ್ಸು, ಆ ಸೇವೆಯ ಹೊರೆಯನ್ನು ಹೊತ್ತ ಸಮುದಾಯಗಳ ಒಳಗಿನಿಂದಲೇ ಬಂದ ವಿರೋಧದ ಪರವಾಗಿದೆ. ಆದರೆ ಅದು ನೀತಿಯ ತೀರ್ಮಾನವೇ ಹೊರತು ವಿಜ್ಞಾನದ ತೀರ್ಮಾನವಲ್ಲ ಎಂಬುದನ್ನು ಹೇಳಿಕೊಳ್ಳಬೇಕು.

ಇನ್ನು ಅಡಿಕೆ. ಅಡಿಕೆಯ ದುಡ್ಡಿನಲ್ಲಿ ಓದಿ ಬೆಳೆದ ನನ್ನಂಥವರಿಗೆ ಇದು ಬರೆಯಲು ಸುಲಭದ ವಿಷಯವಲ್ಲ.

ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ, ವಿಶ್ವ ಆರೋಗ್ಯ ಸಂಸ್ಥೆಯ ಅಂಗ, 1985ರಲ್ಲಿ ತಂಬಾಕು ಸೇರಿದ ಕವಳ (ಎಲೆಅಡಿಕೆ) ಕ್ಯಾನ್ಸರ್‌ಕಾರಕ ಎಂದಿತು; ತಂಬಾಕು ಇಲ್ಲದ ಕವಳದ ಬಗ್ಗೆ ಹೇಳಲು ಆಗ ಸಾಕಷ್ಟು ಆಧಾರ ಇರಲಿಲ್ಲ. 2004ರಲ್ಲಿ ಪ್ರಕಟವಾದ ಮರುಪರಿಶೀಲನೆಯಲ್ಲಿ ಅಡಿಕೆಯನ್ನೇ ಮೊದಲನೆಯ ಗುಂಪಿಗೆ, ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆ ಎಂದು ದೃಢಪಟ್ಟ ವಸ್ತುಗಳ ಗುಂಪಿಗೆ, ಸೇರಿಸಿತು. ‘ಆಗ ಒಂದು ಹೇಳಿದರು, ಈಗ ಇನ್ನೊಂದು ಹೇಳುತ್ತಾರೆ’ ಎಂಬುದು ನಮ್ಮ ಕಡೆಯ ಮೊದಲ ಆಕ್ಷೇಪ. ನಡುವೆ ಬದಲಾದದ್ದು ಆಧಾರ. ತೈವಾನಿನಲ್ಲಿ ಜನ ಸಾಮಾನ್ಯವಾಗಿ ತಂಬಾಕು ಹಾಕದೆ ಅಡಿಕೆ ಜಗಿಯುತ್ತಾರೆ, ಅಲ್ಲಿಯ ಅಧ್ಯಯನಗಳಲ್ಲೂ ಬಾಯಿಯ ಕ್ಯಾನ್ಸರ್ ಹೆಚ್ಚಾಗಿ ಕಂಡಿತು, ಜಗಿಯುವ ಪ್ರಮಾಣ ಮತ್ತು ವರ್ಷಗಳು ಏರಿದಂತೆ ಅಪಾಯವೂ ಏರಿತು. ಕೆನ್ನೆಯ ಒಳಗಿನ ಪದರ ನಾರುಗಟ್ಟಿ ಬಾಯಿ ತೆರೆಯಲಾಗದಂತೆ ಮಾಡುವ ಕಾಯಿಲೆಗೆ ಅಡಿಕೆಯೇ ಮುಖ್ಯ ಕಾರಣವೆಂಬುದೂ, ಆ ಸ್ಥಿತಿ ಕೆಲವರಲ್ಲಿ ಕ್ಯಾನ್ಸರಿಗೆ ತಿರುಗುತ್ತದೆಂಬುದೂ ಸ್ಪಷ್ಟವಾಯಿತು.

ಆದರೆ ‘ಮೊದಲನೆಯ ಗುಂಪು’ ಎಂಬ ಮಾತು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದು ನಮ್ಮ ಜಗಳದಲ್ಲಿ ಎರಡೂ ಕಡೆ ಮರೆತುಹೋಗಿದೆ. ಆಗುಂಬೆಯ ಕಾಡಿನ ಕಾಳಿಂಗ ಸರ್ಪದ ವಿಷ ಮನುಷ್ಯನನ್ನು ಕೊಲ್ಲಬಲ್ಲದು ಎಂಬುದು ಒಂದು ಸತ್ಯ. ಆ ಕಾಡಿನಲ್ಲಿ ಓಡಾಡುವವನಿಗೆ ಅದು ಕಚ್ಚುವ ಸಂಭವ ತೀರಾ ಕಡಿಮೆ ಎಂಬುದು ಇನ್ನೊಂದು ಸತ್ಯ. ಗುಂಪು ಮಾಡುವ ಸಂಸ್ಥೆ ಹೇಳುವುದು ಮೊದಲನೆಯ ಬಗೆಯ ಸತ್ಯವನ್ನು: ಈ ವಸ್ತುವಿಗೆ ಕ್ಯಾನ್ಸರ್ ಉಂಟುಮಾಡುವ ಗುಣವಿದೆ, ಅದಕ್ಕೆ ಆಧಾರ ಗಟ್ಟಿಯಾಗಿದೆ ಎಂದಷ್ಟೇ. ಎಷ್ಟು ತಿಂದರೆ ಎಷ್ಟು ಅಪಾಯ ಎಂಬುದನ್ನು ಆ ಗುಂಪು ಹೇಳುವುದಿಲ್ಲ. ಮದ್ಯ, ತಂಬಾಕು, ಸೂರ್ಯನ ಕಿರಣ, ಸಂಸ್ಕರಿಸಿದ ಮಾಂಸ ಎಲ್ಲವೂ ಅದೇ ಗುಂಪಿನಲ್ಲಿವೆ, ಅವೆಲ್ಲದರ ಅಪಾಯ ಒಂದೇ ಪ್ರಮಾಣದ್ದಲ್ಲ. ಆದ್ದರಿಂದ ಮದುವೆಯ ಊಟದ ಬಳಿಕ ಒಂದು ಕವಳ ಹಾಕುವವನನ್ನೂ ದಿನವಿಡೀ ಕೆನ್ನೆಯಲ್ಲಿ ಗುಟ್ಕಾ ಒತ್ತಿಕೊಳ್ಳುವವನನ್ನೂ ಒಂದೇ ಮಾತಿನಲ್ಲಿ ಹೆದರಿಸುವುದು ತಪ್ಪು. 2024ರಲ್ಲಿ ಪ್ರಕಟವಾದ ಅಂದಾಜೊಂದು, 2022ರಲ್ಲಿ ಪ್ರಪಂಚದಾದ್ಯಂತ ಸುಮಾರು 1,20,000 ಬಾಯಿ ಕ್ಯಾನ್ಸರ್ ಪ್ರಕರಣಗಳಿಗೆ, ಎಂದರೆ ಹತ್ತಿರ ಹತ್ತಿರ ಮೂರರಲ್ಲಿ ಒಂದಕ್ಕೆ, ಹೊಗೆರಹಿತ ತಂಬಾಕು ಮತ್ತು ಅಡಿಕೆ ಕಾರಣ ಎಂದಿತು. ಆ ಅಂಕಿ ಎರಡನ್ನೂ ಕೂಡಿಸಿದ್ದು ಎಂಬುದನ್ನು ಬಿಟ್ಟು ಅಡಿಕೆಯ ತಲೆಗೆ ಮಾತ್ರ ಕಟ್ಟಿದರೆ, ಬೆಳೆಗಾರರ ಸಿಟ್ಟು ನ್ಯಾಯವೇ.

ಇಷ್ಟನ್ನು ಒಪ್ಪಿದ ಮೇಲೆ ನಮ್ಮ ಕಡೆಯವರಿಗೂ ಹೇಳಬೇಕಾದ ಮಾತಿದೆ. ‘ನಮ್ಮಜ್ಜ ತೊಂಬತ್ತು ವರ್ಷದವರೆಗೆ ಕವಳ ಹಾಕಿದರು, ಏನೂ ಆಗಲಿಲ್ಲ’ ಎಂಬ ಮಾತನ್ನು ನಾನೂ ಜಗುಲಿಯಲ್ಲಿ ಕೂತು ಹೇಳಿದ್ದೇನೆ. ಅದು ಲಸಿಕೆಯ ಕಥೆಯನ್ನೇ ತಿರುವಿಹಾಕಿದ ಮಾತು. ತೊಂಬತ್ತು ಬದುಕಿದ ಅಜ್ಜ ನಮ್ಮ ಜಗುಲಿಯಲ್ಲಿ ಕೂತಿರುತ್ತಾನೆ, ಐವತ್ತಕ್ಕೆ ಹೋದವನು ಕೂತಿರುವುದಿಲ್ಲ. ಉಳಿದವರನ್ನು ಮಾತ್ರ ಎಣಿಸಿದರೆ ಯಾವ ವಿಷವೂ ನಿರಪಾಯವಾಗಿಯೇ ಕಾಣುತ್ತದೆ. ಎರಡನೆಯದು, ಬೆಲೆಯ ಭಯವನ್ನು ಸತ್ಯದ ಪ್ರಶ್ನೆಯಾಗಿ ವೇಷ ಹಾಕಿಸುವ ನಮ್ಮ ಅಭ್ಯಾಸ. ಅಡಿಕೆಗೆ ಬೇರೆ ಬೆಳೆಯ ಆಸರೆ ಇಲ್ಲ, ಸಾಲ ಇದೆ, ತೋಟ ಎದ್ದು ನಿಲ್ಲಲು ವರ್ಷಗಳು ಬೇಕು, ನಾಳೆ ನಿರ್ಬಂಧ ಬಂದರೆ ಯಾರು ಹೊಣೆ ಎಂದು ಕೇಳುವುದು ನಮ್ಮ ಹಕ್ಕು. ಅದನ್ನು ಸರ್ಕಾರದ ಎದುರು ನೇರವಾಗಿ ಕೇಳಬೇಕು. ಅದರ ಬದಲು ‘ಅಡಿಕೆಯಿಂದ ಏನೂ ಆಗುವುದೇ ಇಲ್ಲ’ ಎಂದು ವಾದಿಸಿದರೆ, ನಮ್ಮ ಗಟ್ಟಿಯಾದ ಪ್ರಶ್ನೆಯನ್ನು ಸೋಲುವ ವಾದಕ್ಕೆ ಕಟ್ಟಿಹಾಕಿದಂತೆ ಆಗುತ್ತದೆ, ನಮ್ಮ ಮಕ್ಕಳ ಬಾಯಿಗೂ ಅದರಿಂದ ಕೇಡು.

ಸಾವಿರ ಜನರ ಲೆಕ್ಕವನ್ನು ನಂಬಲು ಮನಸ್ಸಿಲ್ಲದವರಿಗೂ ಒಂದು ಪರೀಕ್ಷೆ ಮನೆಯಲ್ಲೇ ಇದೆ. ತೋರುಬೆರಳು, ನಡುಬೆರಳು, ಉಂಗುರ ಬೆರಳುಗಳನ್ನು ಒತ್ತಾಗಿ ಸೇರಿಸಿ, ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ ಒಂದರ ಮೇಲೊಂದು ಬರುವಂತೆ ನಿಲ್ಲಿಸಿ ನೋಡಬೇಕು. ಆರೋಗ್ಯವಂತ ದೊಡ್ಡವರ ಬಾಯಿಯಲ್ಲಿ ಸಾಮಾನ್ಯವಾಗಿ ಅವರದೇ ಮೂರು ಬೆರಳು ಹಿಡಿಯುತ್ತವೆ. ಜಗಿಯುವ ಅಭ್ಯಾಸವಿರುವವರಿಗೆ ಎರಡೇ ಹಿಡಿದರೆ, ಖಾರ ತಿಂದಾಗ ಬಾಯಿ ಉರಿದರೆ, ಕೆನ್ನೆಯ ಒಳಗೆ ಬಿಳಿಚಿಕೊಂಡ ಗಟ್ಟಿ ಪಟ್ಟಿ ಬೆರಳಿಗೆ ಸಿಕ್ಕರೆ, ಅಂದೇ ಜಗಿಯುವುದನ್ನು ನಿಲ್ಲಿಸಿ ದಂತವೈದ್ಯರಿಗೆ ತೋರಿಸಬೇಕು. ಕೊನೆ ಕೊಯ್ಲಿಗೆ ಬರುವ ಕೊನೆಗೌಡರಿಗೆ, ಅಡಿಕೆ ಸುಲಿಯಲು ಕೂರುವ ಹೆಂಗಸರಿಗೆ, ಕಾಲೇಜಿಗೆ ಹೋಗುವ ಹುಡುಗರಿಗೆ ಇದನ್ನು ಅಡಿಕೆ ಬೆಳೆಯುವವರೇ ತೋರಿಸಿಕೊಡಬಹುದು, ಮೇ ತಿಂಗಳಲ್ಲಿ ಬೋರ್ಡೋ ದ್ರಾವಣಕ್ಕೆ ಕತ್ತಿ ಅದ್ದುವುದನ್ನು ತೋರಿಸಿಕೊಟ್ಟ ಹಾಗೆಯೇ.